ಗಾಳಿಯ ಗುಂಡಿಗೆ ಕಾನೂನಿನ ಅಳತೆಗೋಲು

1803ರ ಆಗಸ್ಟ್ ತಿಂಗಳ ಕೊನೆ. ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಹೊರಟ ದೋಣಿಯೊಂದು ಒಹಾಯೊ ನದಿಯಲ್ಲಿ 3 ಮೈಲಿ ಸಾಗಿ ನಡುಗಡ್ಡೆಯೊಂದರ ಬಳಿ ನಿಂತಿತು. ದೋಣಿಯಲ್ಲಿದ್ದವರು ಕ್ಯಾಪ್ಟನ್ ಮೆರಿವೆದರ್ ಲೂಯಿಸ್. ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಆದೇಶದಂತೆ ಪಶ್ಚಿಮದ ಸಾಗರದವರೆಗೆ ದಾರಿ ಹುಡುಕಲು ಹೊರಟಿದ್ದರು. ಅವರ ಬಳಿ ವಿಚಿತ್ರವಾದ ಬಂದೂಕೊಂದಿದೆ ಎಂದು ತಿಳಿದಿದ್ದ ಅಲ್ಲಿನ ಜನ, ಅದನ್ನು ಹೊಡೆದು ತೋರಿಸಿ ಎಂದು ಕೇಳಿಕೊಂಡರು. ಲೂಯಿಸ್ 55 ಗಜ ದೂರದ ಗುರಿಗೆ 7 ಸಲ ಹೊಡೆದರು. ಮದ್ದಿಲ್ಲ, ಹೊಗೆಯಿಲ್ಲ, ಕಿಡಿಯಿಲ್ಲ. ಗುಂಡು ಮಾತ್ರ ಗುರಿ ಮುಟ್ಟುತ್ತಿತ್ತು. ಆಮೇಲೆ ಅದನ್ನು ಕೈಗೆತ್ತಿಕೊಂಡವನೊಬ್ಬ ಬಳಸುವ ಬಗೆ ತಿಳಿಯದೆ ಹಾರಿಸಿಬಿಟ್ಟ. ಗುಂಡು 40 ಗಜ ಆಚೆ ನಿಂತಿದ್ದ ಹೆಂಗಸಿನ ಟೋಪಿಯನ್ನು ತೂರಿ, ಕಣತಲೆಯನ್ನು ಸೀಳಿಕೊಂಡು ಹೋಯಿತು. ರಕ್ತ ಚಿಮ್ಮಿತು, ಆಕೆ ನೆಲಕ್ಕೆ ಬಿದ್ದಳು. ಸತ್ತೇ ಹೋದಳೆಂದು ಎಲ್ಲರೂ ಕಂಗಾಲಾದರು. ನಿಮಿಷದೊಳಗೆ ಆಕೆಗೆ ಎಚ್ಚರವಾಯಿತು. ಗಾಯ ಪ್ರಾಣಕ್ಕೆ ಎರವಾಗುವಷ್ಟು ಆಳವಾಗಿರಲಿಲ್ಲ.

ಇದನ್ನೆಲ್ಲ ಲೂಯಿಸ್ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಅಮೆರಿಕದ ಅತ್ಯಂತ ಪ್ರಸಿದ್ಧ ಅನ್ವೇಷಣಾ ಯಾತ್ರೆಯ ದಿನಚರಿ ಶುರುವಾಗುವುದೇ ಏರ್‌ಗನ್ನಿನ ಈ ಅನಾಹುತದಿಂದ.

ನಮ್ಮಲ್ಲಿ ಏರ್‌ಗನ್ ಎಂದೊಡನೆ ಕಣ್ಣಿಗೆ ಬರುವುದು ಜಾತ್ರೆಯ ಅಂಗಡಿ: ಹಲಗೆಗೆ ಸಾಲಾಗಿ ಅಂಟಿಸಿದ ಬಲೂನುಗಳು, ಎದುರಿನ ಮೇಜಿನ ಮೇಲೊಂದು ಸವೆದ ಕೋವಿ, ಸುತ್ತ ಮಕ್ಕಳ ಗುಂಪು. ಅಮೆರಿಕದಲ್ಲೂ ನೂರು ವರ್ಷಕ್ಕೂ ಮೀರಿ ಅದಕ್ಕಿದ್ದದ್ದು ಮಕ್ಕಳ ಆಟಿಕೆಯ ಸ್ಥಾನವೇ. ಅಂಥ ದೇಶದ ರಾಜ್ಯಗಳು ಈ ಶತಮಾನದಲ್ಲಿ ಒಂದೊಂದಾಗಿ ತಮ್ಮ ಬೇಟೆ ಕಾನೂನು ತಿದ್ದಿ, ಏರ್‌ಗನ್ನನ್ನು ಬೇಟೆಯ ಆಯುಧಗಳ ಪಟ್ಟಿಗೆ ಸೇರಿಸಿದವು. ಯಾರು ಕೇಳಿದರು, ಯಾರು ತಡೆದರು, ಯಾವ ಅಳತೆಯ ಮೇಲೆ ತೀರ್ಮಾನವಾಯಿತು ಎಂಬ ಈ ಚರಿತ್ರೆಯಲ್ಲಿ ನಮಗೂ ಪಾಠವಿದೆ. ಆಯುಧವನ್ನು ಹೆಸರಿನಿಂದ ವಿಂಗಡಿಸುವ ಕಾನೂನು ಇಂದಲ್ಲ ನಾಳೆ ಸೋಲುತ್ತದೆ. ಆ ಆಯುಧ ಒಂದು ಜೀವಕ್ಕೆ ಏನು ಮಾಡಬಲ್ಲದು ಎಂದು ಅಳೆಯುವ ಕಾನೂನು ಬಾಳುತ್ತದೆ.

ಸೈನ್ಯದಿಂದ ಆಟಿಕೆಯ ಅಂಗಡಿಗೆ

ಈಗ ಉಳಿದಿರುವ ಅತಿ ಹಳೆಯ ಏರ್‌ಗನ್ ಸುಮಾರು 1580ರದು. ಸ್ವೀಡನ್ನಿನ ಸ್ಟಾಕ್‌ಹೋಮ್‌ನ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಎರಡು ಶತಮಾನ ಯುರೋಪಿನ ಅರಸರು, ಜಹಗೀರುದಾರರು ಇಂಥ ಕೋವಿಗಳಿಂದ ಜಿಂಕೆ, ಕಾಡುಹಂದಿಗಳನ್ನು ಬೇಟೆಯಾಡಿದರು. ಮಳೆಯಲ್ಲಿ ಮದ್ದು ನೆನೆಯುವ ಭಯವಿರಲಿಲ್ಲ. ಹೊಗೆ ಕವಿದು ಗುರಿ ಮರೆಯಾಗುತ್ತಿರಲಿಲ್ಲ.

ಇದನ್ನು ಯುದ್ಧದ ಆಯುಧವಾಗಿಸಿದವರು ಟೈರೋಲ್ ಪ್ರದೇಶದ ಕುಶಲಕರ್ಮಿ ಬಾರ್ತೊಲೊಮಿಯೊ ಜಿರಾರ್ಡೊನಿ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಅವರ ಬಂದೂಕನ್ನು ಒಪ್ಪಿಕೊಂಡಿತು. ಭುಜಕ್ಕೆ ಒರಗಿಸುವ ಹಿಂಭಾಗ ಮರದ್ದಾಗಿರಲಿಲ್ಲ. ಅದೇ ಕಬ್ಬಿಣದ ಗಾಳಿ ಬುರುಡೆ. ಕೈಪಂಪಿನಿಂದ ಸುಮಾರು 1,500 ಸಲ ಒತ್ತಿದರೆ ಅದು ತುಂಬುತ್ತಿತ್ತು. ನಳಿಗೆಯ ಪಕ್ಕದ ಕೊಳವೆಯಲ್ಲಿ 20ಕ್ಕೂ ಹೆಚ್ಚು ಸೀಸದ ಗುಂಡುಗಳು. ಬಂದೂಕನ್ನು ಮೇಲಕ್ಕೆತ್ತಿ ಅಡ್ಡಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ಒಂದು ಗುಂಡು ಜಾರಿ ಬಂದು ಕೂರುತ್ತಿತ್ತು. ಮಾಮೂಲಿ ಸೈನಿಕನೊಬ್ಬ ಮದ್ದು ಸುರಿದು, ಗುಂಡು ಇಟ್ಟು, ಗಜಕಡ್ಡಿಯಿಂದ ಜಡಿದು ನಿಮಿಷಕ್ಕೆ ಎರಡು ಮೂರು ಈಡು ಹೊಡೆಯುವುದೇ ಹೆಚ್ಚಾಗಿದ್ದ ಕಾಲ ಅದು. ಆ ಎರಡು ಮೂರು ಈಡಿನ ಅವಧಿಯಲ್ಲಿ ಜಿರಾರ್ಡೊನಿ ಬಂದೂಕಿನವನು ಕೊಳವೆ ಪೂರ್ತಿ ಖಾಲಿ ಮಾಡಬಲ್ಲವನಾಗಿದ್ದ.

ಲೂಯಿಸ್ ಅವರ ಬಂದೂಕು ಯಾವುದೆಂಬ ಬಗ್ಗೆ ಇತಿಹಾಸಕಾರರಲ್ಲಿ ಬಹುಕಾಲ ಚರ್ಚೆ ನಡೆಯಿತು. ಫಿಲಡೆಲ್ಫಿಯಾದ ಗಡಿಯಾರ ತಯಾರಕನೊಬ್ಬ ಮಾಡಿದ ಒಂದೇ ಈಡಿನ ಏರ್‌ಗನ್ ಅದು ಎಂಬ ನಂಬಿಕೆಯಿತ್ತು. ಆದರೆ 1803ರ ಸೆಪ್ಟೆಂಬರಿನಲ್ಲಿ ವೀಲಿಂಗ್ ಪಟ್ಟಣದಲ್ಲಿ ಅದನ್ನು ಕಣ್ಣಾರೆ ಕಂಡ ಥಾಮಸ್ ರಾಡ್ನಿ ಎಂಬವರು ತಮ್ಮ ದಿನಚರಿಯಲ್ಲಿ, ಒಂದು ಸಲ ತುಂಬಿದರೆ 22 ಈಡು ಹೊಡೆಯುವ ಬಂದೂಕು ಎಂದು ದಾಖಲಿಸಿದ್ದರು. ಆ ಬರಹ ಬೆಳಕಿಗೆ ಬಂದ ಮೇಲೆ ಅದು ಜಿರಾರ್ಡೊನಿ ಮಾದರಿಯದೇ ಎಂಬ ವಾದಕ್ಕೆ ಬಲ ಬಂತು. 1804ರಿಂದ 1806ರವರೆಗಿನ ಯಾತ್ರೆಯುದ್ದಕ್ಕೂ ಲೂಯಿಸ್ ಅದನ್ನು ಮೂಲನಿವಾಸಿ ಬುಡಕಟ್ಟುಗಳ ಸಭೆಗಳಲ್ಲಿ ಮತ್ತೆ ಮತ್ತೆ ಹೊಡೆದು ತೋರಿಸಿದರು.

ಇಷ್ಟಾದರೂ ಈ ಬಂದೂಕು ಬಾಳಲಿಲ್ಲ. ಗಾಳಿ ಬುರುಡೆಯನ್ನು ಸೋರದಂತೆ ಮಾಡುವುದು ಕಷ್ಟ. ತೊಗಲಿನ ಬಿರಟೆ ಒಣಗಿದರೆ ಗಾಳಿ ನಿಲ್ಲುತ್ತಿರಲಿಲ್ಲ. ಕೆಟ್ಟರೆ ರಣರಂಗದಲ್ಲಿ ರಿಪೇರಿ ಮಾಡುವವರಿರಲಿಲ್ಲ. 1815ರ ಹೊತ್ತಿಗೆ ಆಸ್ಟ್ರಿಯಾ ಅದನ್ನು ಕೈಬಿಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪು, ತೋಟೆಗಳು ಬಂದಮೇಲೆ ಮದ್ದಿನ ಬಂದೂಕು ಗೆದ್ದಿತು.

ಸೋತ ಏರ್‌ಗನ್ ಮರಳಿ ಬಂದದ್ದು ಗಾಳಿಯಂತ್ರದ ಕಾರ್ಖಾನೆಯಿಂದ. ಮಿಷಿಗನ್ ರಾಜ್ಯದ ಪ್ಲಿಮತ್‌ನಲ್ಲಿ ರೈತರಿಗೆ ನೀರೆತ್ತುವ ಕಬ್ಬಿಣದ ಗಾಳಿಯಂತ್ರ ಮಾರುತ್ತಿದ್ದ ಕಂಪನಿಗೆ 1880ರ ದಶಕದಲ್ಲಿ ವ್ಯಾಪಾರ ಕುಸಿದಿತ್ತು. ಯಂತ್ರ ಕೊಂಡ ರೈತನಿಗೆ ಒಂದು ಪುಟ್ಟ ಲೋಹದ ಏರ್‌ಗನ್ ಉಡುಗೊರೆ ಕೊಡೋಣವೆಂದು ಕಂಪನಿ ತೀರ್ಮಾನಿಸಿತು. ಜನ ಯಂತ್ರ ಬಿಟ್ಟು ಬಂದೂಕನ್ನೇ ಕೇಳತೊಡಗಿದರು. 1895ರಲ್ಲಿ ಕಂಪನಿ ತನ್ನ ಹೆಸರನ್ನೇ ಆ ಬಂದೂಕಿನ ಹೆಸರಿಗೆ ಬದಲಾಯಿಸಿಕೊಂಡು ‘ಡೈಸಿ’ ಆಯಿತು. ಅಮೆರಿಕದ ಹಲವು ತಲೆಮಾರಿನ ಹುಡುಗರಿಗೆ ಮೊದಲ ಬಂದೂಕು ಡೈಸಿಯೇ. ಏರ್‌ಗನ್ ಎಂದರೆ ಮಕ್ಕಳ ವಸ್ತು ಎಂಬ ಭಾವನೆ ಬೇರೂರಿದ್ದು ಹೀಗೆ. ಕಾನೂನು ಬರೆದವರ ತಲೆಯಲ್ಲೂ ಅದೇ ಇತ್ತು.

ಪಟ್ಟಿಯ ಹೊರಗೆ

ಅಮೆರಿಕದ ಬೇಟೆ ಕಾನೂನುಗಳು ಹುಟ್ಟಿದ್ದು ಪಶ್ಚಾತ್ತಾಪದಿಂದ. ಆಕಾಶ ಕಪ್ಪಾಗುವಷ್ಟು ದೊಡ್ಡ ಹಿಂಡುಗಳಲ್ಲಿ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳನ್ನು ಮಾರುಕಟ್ಟೆಗಾಗಿ ಕೊಂದು ಕೊಂದು, ಕೊನೆಯ ಹಕ್ಕಿ ‘ಮಾರ್ಥಾ’ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಬಿಳಿಬಾಲದ ಜಿಂಕೆ ಹಲವು ರಾಜ್ಯಗಳಲ್ಲಿ ಕಾಣಸಿಗದಾಯಿತು. ಆಗ ಒಂದೊಂದು ರಾಜ್ಯವೂ ಬೇಟೆಗೆ ಕಾಲ, ಸಂಖ್ಯೆ, ಲೈಸೆನ್ಸ್ ಗೊತ್ತುಮಾಡಿತು. ಯಾವ ಪ್ರಾಣಿಯನ್ನು ಯಾವ ಆಯುಧದಿಂದ ಹೊಡೆಯಬಹುದು ಎಂಬ ಪಟ್ಟಿಯೂ ಬಂತು. ಗಾಯಗೊಂಡ ಪ್ರಾಣಿ ಓಡಿಹೋಗಿ ನರಳಿ ಸಾಯಬಾರದು, ಬೇಟೆಗಾರನಿಗೆ ಅತಿಯಾದ ಅನುಕೂಲವೂ ಸಿಗಬಾರದು ಎಂಬುದು ಆ ಪಟ್ಟಿಯ ಹಿಂದಿನ ನೀತಿ. ಒಳ್ಳೆಯ ನೀತಿ. ಆದರೆ ಪಟ್ಟಿಯಲ್ಲಿದ್ದದ್ದು ಆಯುಧಗಳ ಹೆಸರು.

ಹೆಸರಿಲ್ಲದವರು ಹೊರಗೆ ನಿಂತು ವಾದಿಸಬೇಕಾಯಿತು. ಮೊದಲು ಹಾಗೆ ನಿಂತವರು ಬಿಲ್ಲುಗಾರರು. ಬಾಣದಿಂದ ಜಿಂಕೆ ಸಾಯುವುದಿಲ್ಲ, ಬರೀ ಗಾಯಗೊಳ್ಳುತ್ತದೆ ಎಂಬ ಆಕ್ಷೇಪಕ್ಕೆ ಅವರು ವರ್ಷಗಟ್ಟಲೆ ಉತ್ತರ ಕೊಟ್ಟರು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಜಿಂಕೆಯ ಬೇಟೆಗೆ ಬಿಲ್ಲಿನ ಋತುವನ್ನು ತೆರೆಯಿತು. ಪೆನ್ಸಿಲ್ವೇನಿಯಾ ತೆರೆದದ್ದು 1951ರಲ್ಲಿ. ಏರ್‌ಗನ್ನಿನ ಪರ ಮುಂದೆ ವಾದಿಸಿದವರು ಈ ಉದಾಹರಣೆಯನ್ನೇ ಮುಂದಿಟ್ಟರು: ಬಾಣವೂ ಮದ್ದಿನಿಂದ ಹಾರುವುದಿಲ್ಲ, ಹತ್ತಿರದಿಂದ ಸರಿಯಾದ ಜಾಗಕ್ಕೆ ತಗುಲಿದರೆ ಸಾಕು.

1968ರ ಬಂದೂಕು ನಿಯಂತ್ರಣ ಕಾಯ್ದೆ ಇನ್ನೊಂದು ಗೋಡೆ ಕಟ್ಟಿತು. ಸ್ಫೋಟಕದ ಬಲದಿಂದ ಗುಂಡು ಹಾರಿಸುವುದೇ ಬಂದೂಕು ಎಂದು ಅದು ವ್ಯಾಖ್ಯಾನಿಸಿತು. ಗಾಳಿಯಿಂದ ಹಾರಿಸುವುದು ಒಕ್ಕೂಟ ಕಾನೂನಿನ ಕಣ್ಣಿಗೆ ಬಂದೂಕೇ ಅಲ್ಲ. ಕೊಳ್ಳಲು ಒಕ್ಕೂಟದ ಕಟ್ಟಳೆ ಇಲ್ಲ. ಬೇಟೆಗೆ ಮಾತ್ರ ಆಗ ಹಲವು ರಾಜ್ಯಗಳ ಒಪ್ಪಿಗೆ ಇರಲಿಲ್ಲ.

ಮರಳಿ ಬಂದ ದೊಡ್ಡ ಗುಂಡು

ಕಾನೂನು ನಿದ್ದೆ ಮಾಡುತ್ತಿದ್ದಾಗ ತಂತ್ರಜ್ಞಾನ ಎಚ್ಚರವಾಗಿತ್ತು. 1990ರ ದಶಕದಲ್ಲಿ ಮಿಸೌರಿಯ ಡೆನಿಸ್ ಕ್ವಾಕೆನ್‌ಬುಷ್ ಅವರಂಥ ಕುಶಲಕರ್ಮಿಗಳು ತಮ್ಮ ಕಾರ್ಯಾಗಾರದಲ್ಲಿ ದೊಡ್ಡ ನಳಿಗೆಯ ಏರ್‌ಗನ್‌ಗಳನ್ನು ಕೈಯಿಂದ ಮಾಡತೊಡಗಿದರು. ಮದ್ದಿನ ಬಂದೂಕಿಗೆ ಬಿಗಿಯಾದ ನಿರ್ಬಂಧವಿರುವ ದಕ್ಷಿಣ ಕೊರಿಯಾದ ಕಾರ್ಖಾನೆಗಳಿಂದಲೂ ಅಂಥವು ಬಂದವು. ಬೆಂಜಮಿನ್ ಎಂಬ ಬ್ರಾಂಡಿನ ಹೆಸರಿನಲ್ಲಿ ‘ರೋಗ್’, ಟೆಕ್ಸಾಸ್‌ನ ಏರ್‌ಫೋರ್ಸ್ ಕಂಪನಿಯಿಂದ ‘ಟೆಕ್ಸನ್’ ಮಾರುಕಟ್ಟೆಗೆ ಬಂದಾಗ ವಿಷಯ ಹವ್ಯಾಸಿಗಳ ವಲಯ ದಾಟಿತು.

ಇವುಗಳ ಒಳಗಿನ ಕೆಲಸ ಸರಳ. ನಳಿಗೆಯ ಕೆಳಗೊಂದು ಗಟ್ಟಿ ಸಿಲಿಂಡರ್. ಕಂಪ್ರೆಸರ್‌ನಿಂದಲೋ ಮುಳುಗುಗಾರರ ಗಾಳಿ ಟ್ಯಾಂಕಿನಿಂದಲೋ ಅದರಲ್ಲಿ ಸುಮಾರು 200 ಬಾರ್ ಒತ್ತಡ ತುಂಬುತ್ತಾರೆ. ಕಾರಿನ ಟೈರಿನಲ್ಲಿ ಇರುವುದರ ನೂರು ಪಟ್ಟಿನ ಆಸುಪಾಸು. ಕುದುರೆ ಎಳೆದರೆ ಒಳಗಿನ ಸುತ್ತಿಗೆ ವಾಲ್ವಿಗೆ ಬಡಿಯುತ್ತದೆ. ಕ್ಷಣಾರ್ಧ ತೆರೆದ ಬಾಯಿಯಿಂದ ನುಗ್ಗಿದ ಗಾಳಿ ಗುಂಡನ್ನು ತಳ್ಳುತ್ತದೆ. ದೊಡ್ಡ ಕ್ಯಾಲಿಬರಿನಲ್ಲಿ ಕೆಲವೇ ಈಡಿಗೆ ಒತ್ತಡ ಇಳಿಯುತ್ತದೆ, ಮತ್ತೆ ತುಂಬಬೇಕು.

ಶಕ್ತಿಯ ಲೆಕ್ಕ ನೋಡಿದರೆ ವಿಷಯ ತಿಳಿಯಾಗುತ್ತದೆ. ಸಣ್ಣ ಬೇಟೆಗೆ ಎಲ್ಲೆಡೆ ಬಳಸುವ .22 ತೋಟೆಯ ಗುಂಡಿನ ಶಕ್ತಿ ಸುಮಾರು 140 ಅಡಿ-ಪೌಂಡ್. ಜಿಂಕೆಗೆ ಬಳಸುವ .30-06 ರೈಫಲ್ಲಿನದು ಸುಮಾರು 2,800. ಟೆಕ್ಸನ್‌ನಂಥ .45 ಏರ್‌ಗನ್ನಿನದು 500ಕ್ಕಿಂತ ಹೆಚ್ಚು. ರೈಫಲ್ಲಿನ ಮುಂದೆ ಇದು ಚಿಕ್ಕದು. ಬಾಣದ ಮುಂದೆ ದೊಡ್ಡದು. ಬಾಣದಿಂದ ಜಿಂಕೆ ಹೊಡೆಯಲು ಬಿಟ್ಟ ರಾಜ್ಯ ಇದನ್ನು ಆಟಿಕೆ ಎಂದು ತಳ್ಳಿಹಾಕುವುದು ನ್ಯಾಯವಾಗಿ ಕಾಣಲಿಲ್ಲ. ಇತ್ತ, ಇಂಥ ಶಕ್ತಿಯ ಆಯುಧ ಬಂದೂಕಿನ ವ್ಯಾಖ್ಯೆಗೇ ಸೇರದಿರುವುದೂ ಅಷ್ಟೇ ಆತಂಕದ ಸಂಗತಿ.

ಪೆನ್ಸಿಲ್ವೇನಿಯಾದ ಚಳಿಗಾಲ

ಪೆನ್ಸಿಲ್ವೇನಿಯಾದ ಬೇಟೆ ಸಂಹಿತೆ ಗಾಳಿಯಿಂದ ಗುಂಡು ಹಾರಿಸುವ ಸಾಧನಗಳನ್ನು ನೇರವಾಗಿಯೇ ನಿಷೇಧಿಸಿತ್ತು. ಅದು ಶಾಸನಸಭೆಯ ಕಾಯ್ದೆಯಾದ್ದರಿಂದ ವನ್ಯಜೀವಿಗಳ ಹೊಣೆ ಹೊತ್ತ ಗೇಮ್ ಕಮಿಷನ್‌ಗೆ ಅದನ್ನು ಬದಲಿಸುವ ಅಧಿಕಾರವಿರಲಿಲ್ಲ. ಬೇಟೆಗಾರರೂ ತಯಾರಕರೂ ಶಾಸಕರ ಬಾಗಿಲು ತಟ್ಟಿದರು. 2016ರ ನವೆಂಬರಿನಲ್ಲಿ ಗವರ್ನರ್ ಟಾಮ್ ವುಲ್ಫ್ ಸಹಿ ಹಾಕಿದ ಕಾಯ್ದೆ, ಏರ್‌ಗನ್ ಮತ್ತು ಸೆಮಿ ಆಟೊಮ್ಯಾಟಿಕ್ ರೈಫಲ್ ಎರಡರ ವಿಷಯದಲ್ಲೂ ನಿಯಮ ಮಾಡುವ ಅಧಿಕಾರವನ್ನು ಕಮಿಷನ್‌ಗೆ ಕೊಟ್ಟಿತು.

2017ರ ಜನವರಿಯ ಕೊನೆಗೆ ಹ್ಯಾರಿಸ್‌ಬರ್ಗ್‌ನಲ್ಲಿ ಕಮಿಷನ್ ಕರಡು ನಿಯಮಕ್ಕೆ ಒಪ್ಪಿಗೆ ನೀಡಿ, ಸಾರ್ವಜನಿಕರ ಅಭಿಪ್ರಾಯ ಕೇಳಿತು. ಪತ್ರಗಳು ಹರಿದುಬಂದವು. ಲೈಸೆನ್ಸ್ ಇರುವ ಬೇಟೆಗಾರರ ಸಮೀಕ್ಷೆಯನ್ನೂ ಕಮಿಷನ್ ಮಾಡಿಸಿತು. ದೊಡ್ಡ ಪ್ರಾಣಿಗಳಿಗೆ ಸೆಮಿ ಆಟೊಮ್ಯಾಟಿಕ್ ಬೇಡ ಎಂದು ಹೆಚ್ಚಿನ ಬೇಟೆಗಾರರೇ ಹೇಳಿದರು. ಮಾರ್ಚ್ ಕೊನೆಯ ಅಂತಿಮ ಮತದಲ್ಲಿ ಕಮಿಷನ್ ಆ ಮಾತಿಗೆ ಬೆಲೆ ಕೊಟ್ಟು ತನ್ನ ಕರಡನ್ನು ಮೊಟಕುಗೊಳಿಸಿತು.

ಏರ್‌ಗನ್ನಿಗೆ ಸಿಕ್ಕಿದ್ದು ಅಳೆದು ತೂಗಿ ಕೊಟ್ಟ ಜಾಗ. ಅಳಿಲು, ಮೊಲದಂಥ ಸಣ್ಣ ಬೇಟೆಗೆ .177ರಿಂದ .22 ಕ್ಯಾಲಿಬರ್, ನರಿ, ರಕೂನ್‌ನಂಥ ತುಪ್ಪಳದ ಪ್ರಾಣಿಗಳಿಗೂ ಬಿಲದಲ್ಲಿ ವಾಸಿಸುವ ವುಡ್‌ಚಕ್‌ಗೂ .22 ಅಥವಾ ಅದಕ್ಕಿಂತ ದೊಡ್ಡದು. ಒಂದು ಸಲಕ್ಕೆ ಒಂದೇ ಗುಂಡು. ಮಕ್ಕಳು ಬಳಸುವ ದುಂಡನೆಯ ಬಿಬಿ ಗುಂಡಿಗೆ ಅನುಮತಿ ಇಲ್ಲ. ಆ ನಿಯಮದಲ್ಲಿ ಜಿಂಕೆಗೆ ಏರ್‌ಗನ್ ಸೇರಲಿಲ್ಲ. ಒಂದು ಆಯುಧಕ್ಕೆ ಪೂರ್ತಿ ಹೌದು ಅಥವಾ ಪೂರ್ತಿ ಬೇಡ ಎನ್ನದೆ, ಯಾವ ಪ್ರಾಣಿಗೆ ಎಷ್ಟು ಎಂದು ಕೇಳಿದ್ದು ಈ ನಿಯಮದ ಹಿರಿಮೆ.

ಟೆಕ್ಸಾಸ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2018ರಲ್ಲಿ ಅಲ್ಲಿನ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಕಮಿಷನ್ ಜಿಂಕೆಯ ಬೇಟೆಗೂ ಏರ್‌ಗನ್ ಒಪ್ಪಿತು, ಲೆಕ್ಕ ಹಾಕಿ: ಕನಿಷ್ಠ .30 ಕ್ಯಾಲಿಬರ್, ಸೆಕೆಂಡಿಗೆ 800 ಅಡಿ ವೇಗದಲ್ಲಿ ಕನಿಷ್ಠ 150 ಗ್ರೇನ್ ತೂಕದ ಗುಂಡು, ಇಲ್ಲವೇ ನಳಿಗೆಯ ಬಾಯಲ್ಲಿ ಕನಿಷ್ಠ 215 ಅಡಿ-ಪೌಂಡ್ ಶಕ್ತಿ. ಅಂದರೆ ಸುಮಾರು 290 ಜೂಲ್. ಮಿಸೌರಿಯ ನಿಯಮ ಜಿಂಕೆಗೆ .40 ಕ್ಯಾಲಿಬರ್ ಬೇಕೆನ್ನುತ್ತದೆ. ರಾಜ್ಯದಿಂದ ರಾಜ್ಯಕ್ಕೆ ಸಂಖ್ಯೆ ಬೇರೆ, ಆದರೆ ಎಲ್ಲರ ಪ್ರಶ್ನೆ ಒಂದೇ: ಗುರಿ ಸರಿಯಿದ್ದರೆ ಪ್ರಾಣಿ ಬೇಗ ಸಾಯುತ್ತದೆಯೇ? ವಲಸೆ ಹಕ್ಕಿಗಳ ಮಟ್ಟಿಗೆ ಮಾತ್ರ ಯಾವ ರಾಜ್ಯಕ್ಕೂ ಈ ಸ್ವಾತಂತ್ರ್ಯವಿಲ್ಲ. ಅವು ಒಕ್ಕೂಟ ಸರ್ಕಾರದ ನಿಯಮದ ರಕ್ಷಣೆಯಲ್ಲಿವೆ.

ಎರಡು ಕಡೆಯ ವಾದ

ಬದಲಾವಣೆ ಕೇಳಿದವರ ವಾದದಲ್ಲಿ ಹುರುಳಿತ್ತು. ಏರ್‌ಗನ್ನಿನ ಗುಂಡು ರೈಫಲ್ಲಿನದರಷ್ಟು ದೂರ ಹೋಗುವುದಿಲ್ಲ. ಊರಂಚಿನ ಹೊಲತೋಟಗಳಲ್ಲಿ ಅಪಾಯ ಕಡಿಮೆ. ಸದ್ದು ಕಡಿಮೆ, ಭುಜಕ್ಕೆ ಒದೆತ ಕಡಿಮೆ. ಹೊಸಬರು ಕಲಿಯಲು ಸುಲಭ.

ವಿರೋಧಿಸಿದವರ ಮಾತೂ ಹುರುಳಿಲ್ಲದ್ದಲ್ಲ. ಸದ್ದಿಲ್ಲದ ಆಯುಧ ಕಳ್ಳಬೇಟೆಗಾರನಿಗೂ ಅನುಕೂಲ. ಅಂಗಡಿಯಲ್ಲಿ ಆಟಿಕೆಯಂತೆ ಮಾರುವ ಕೋವಿಗೂ ಜಿಂಕೆ ಕೊಲ್ಲುವ ಕೋವಿಗೂ ಹೆಸರು ಒಂದೇ. ಅರಿಯದವನು ಸಣ್ಣದನ್ನು ದೊಡ್ಡ ಪ್ರಾಣಿಗೆ ಹೊಡೆದರೆ ಅದು ಬದುಕಲೂ ಆಗದೆ ಸಾಯಲೂ ಆಗದೆ ನರಳುತ್ತದೆ.

ಇವುಗಳ ಜೊತೆಗೆ ಹಣದ ಪ್ರಶ್ನೆಯೂ ಇದೆ. ಅಮೆರಿಕದಲ್ಲಿ ಕಾಡುಪ್ರಾಣಿಗಳು ಮರಳಿ ಹೆಚ್ಚಿದ್ದರ ಹಿಂದೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ದೊಡ್ಡ ಪಾಲಿದೆ. ಬೇಟೆ ಬಂದೂಕು, ತೋಟೆಗಳ ಮೇಲೆ ತಯಾರಕರು ಕಟ್ಟುವ ಶೇಕಡಾ 11 ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ರಾಜ್ಯದ ವಿಸ್ತೀರ್ಣ ಮತ್ತು ಲೈಸೆನ್ಸ್ ಪಡೆದ ಬೇಟೆಗಾರರ ಸಂಖ್ಯೆ ನೋಡಿ ಹಂಚಿಕೆ. 1970ರ ದಶಕದಲ್ಲಿ ಬಿಲ್ಲುಬಾಣಗಳನ್ನೂ ಆ ತೆರಿಗೆಗೆ ಸೇರಿಸಿದರು. ಸ್ಫೋಟಕವಿಲ್ಲದ ಏರ್‌ಗನ್ ಮಾತ್ರ ಅದರಿಂದ ಹೊರಗೆ. ಬೇಟೆಯ ಹಕ್ಕು ಬೇಕೆನ್ನುವ ಆಯುಧ ಕಾಡಿನ ಖರ್ಚಿನಲ್ಲೂ ಪಾಲು ಹೊರಬೇಕು. ಬಿಲ್ಲುಗಾರರು ಹೊತ್ತರು, ಏರ್‌ಗನ್ ತಯಾರಕರು ಹೊರದಿರಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ನಮ್ಮ ನೆಲದ ಪ್ರಶ್ನೆ

ಭಾರತದ ದಾರಿಯೇ ಬೇರೆ, ಬೇರೆಯಾಗಿಯೇ ಇರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ನಮ್ಮಲ್ಲಿ ಹವ್ಯಾಸದ ಬೇಟೆಗೆ ಬಾಗಿಲು ಮುಚ್ಚಿದವು. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಗಾಯಮಾಡುವುದು, ಗೂಡು ಮೊಟ್ಟೆ ಹಾಳುಮಾಡುವುದೂ ಈ ಕಾಯ್ದೆಯಡಿ ಬೇಟೆಯೇ. ಆಯುಧದ ಹೆಸರು ಕೇಳದೆ ಜೀವಕ್ಕಾದ ಹಾನಿ ಕೇಳುವ ಕಾನೂನು ಇದು.

ಆದರೆ ಆಯುಧ ಮಾರುವ ಜಾಗದಲ್ಲಿ ಅಳತೆ ಬೇರೆ. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ಮೀರಿದ ಶಕ್ತಿ ಅಥವಾ .177 ಮೀರಿದ ಕ್ಯಾಲಿಬರಿನ ಏರ್‌ಗನ್ನಿಗೆ ಲೈಸೆನ್ಸ್ ಬೇಕು. ಅದರ ಕೆಳಗಿನದಕ್ಕೆ ಬೇಡ. ಮನುಷ್ಯನ ಸುರಕ್ಷತೆಯ ದೃಷ್ಟಿಯಿಂದ ಇದು ಒಪ್ಪುವ ಗೆರೆ. ಆದರೆ ತೋಟದ ಬೇಲಿಯ ಮೇಲೆ ಕೂತ ಪಿಕಳಾರದ ತೂಕ 30 ಗ್ರಾಂ ಆಸುಪಾಸು. ಅದಕ್ಕೆ 20 ಜೂಲ್ ಬೇಕಿಲ್ಲ, ಅದರ ಕಾಲುಭಾಗವೂ ಹೆಚ್ಚು. ಲೈಸೆನ್ಸ್ ಬೇಡದ ಕೋವಿ ಎಂದರೆ ಹಕ್ಕಿಗೆ ಹೊಡೆದರೂ ಅಪರಾಧವಲ್ಲ ಎಂಬ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲೇ.

ಅರುಣಾಚಲ ಪ್ರದೇಶ ಇದಕ್ಕೆ ಉತ್ತರ ಹುಡುಕಿತು. 2021ರ ಮಾರ್ಚ್‌ನಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್‌ಡುಂಗ್ ಹಳ್ಳಿಯಿಂದ, ಅಂದಿನ ಅರಣ್ಯ ಸಚಿವ ಮಾಮಾ ನಾತುಂಗ್ ಅವರ ಮುಂದಾಳತ್ವದಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಬೇಟೆ ಬದುಕಿನ ಭಾಗವೇ ಆಗಿದ್ದ ಬುಡಕಟ್ಟು ಹಳ್ಳಿಗಳ ಜನ ತಾವಾಗಿ ಮುಂದೆ ಬಂದರು. ಬಲವಂತವಿರಲಿಲ್ಲ, ದಂಡವಿರಲಿಲ್ಲ. ಸಾವಿರಕ್ಕೂ ಹೆಚ್ಚು ಏರ್‌ಗನ್‌ಗಳು ಸರ್ಕಾರದ ಕೈ ಸೇರಿದವು. 500ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿರುವ ಆ ರಾಜ್ಯದ ಕಾಡಿಗೆ ಇದಕ್ಕಿಂತ ದೊಡ್ಡ ಕೊಡುಗೆ ಬೇರೆ ಇರಲಾರದು.

ಅಮೆರಿಕದ ರಾಜ್ಯಗಳು ಏರ್‌ಗನ್ನಿಗೆ ಬಾಗಿಲು ತೆರೆದವು. ಅರುಣಾಚಲದ ಜನ ಅದನ್ನು ಮನೆಯಿಂದ ಹೊರಗಿಟ್ಟರು. ಎರಡೂ ಕಡೆ ತೀರ್ಮಾನ ಹುಟ್ಟಿದ್ದು ಜನರ ಮುಂದೆ, ಪ್ರಾಣಿಗೆ ಏನಾಗುತ್ತದೆ ಎಂಬ ಪ್ರಶ್ನೆಯಿಂದ. ಕರ್ನಾಟಕದಲ್ಲೂ ಆ ಪ್ರಶ್ನೆ ಏಳಬೇಕು. ಏರ್‌ಗನ್ ಮಾರುವ ಪ್ರತಿ ಅಂಗಡಿಯಲ್ಲೂ, ಹಕ್ಕಿಗೆ ಹೊಡೆದರೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದೆಂಬ ಫಲಕ ಕನ್ನಡದಲ್ಲಿ ಕಾಣುವಂತಿರಲಿ. ಮಲೆನಾಡಿನ, ಕೊಡಗಿನ ಗ್ರಾಮ ಪಂಚಾಯಿತಿಗಳು ಅರುಣಾಚಲದಂತೆ ಒಪ್ಪಿಸುವ ಅಭಿಯಾನ ನಡೆಸಲಿ. ಅರಣ್ಯ ಇಲಾಖೆ ಜೊತೆಗೆ ನಿಲ್ಲಲಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಏರ್‌ಗನ್ ಇದ್ದರೆ, ಮಕ್ಕಳ ಕೈಗೆ ಕೊಡುವಾಗ ಕಾಗದದ ಗುರಿಯನ್ನೂ ಜೊತೆಗೆ ಕೊಡಿ. ಹಕ್ಕಿಯ ಕಡೆಗೆ ತಿರುಗಿದ ಮೊದಲ ದಿನವೇ ಅದನ್ನು ಕಿತ್ತಿಡಿ.